ಅಸಲಿ ಪ್ಲೇಟು, ನಕಲಿ ಪ್ಲೇಟು ಮತ್ತು ನನ್ನ ಸ್ಟೂಲು

ಸುಳ್ಳು ಹೇಳುವ ಮನುಷ್ಯರೂ ಸುಳ್ಳು ಹೇಳುವ ಪ್ಲೇಟುಗಳೂ ನಮ್ಮ ಅಂಗಡಿಗೆ ಒಟ್ಟೊಟ್ಟಿಗೇ ಬರುವುದು. ವಾರಕ್ಕೆ ಒಂದು ಜೋಡಿಯಾದರೂ ಬಾರದಿದ್ದರೆ ನನಗೆ ಉಂಡ ಗಂಜಿ ಇಳಿಯುವುದಿಲ್ಲ.

ಪ್ಲೇಟು ಅಂದರೆ ಊಟದ ಪ್ಲೇಟಲ್ಲ. ಗ್ರಾಮಫೋನಿನ ಪ್ಲೇಟು. ಕಪ್ಪಗೆ, ದುಂಡಗೆ, ನಡುವೆ ತೂತು. ಈಗಿನವರು ರೆಕಾರ್ಡು ಅಂತಾರೆ, ಇನ್ನೂ ಈಗಿನವರು ವಿನೈಲ್ ಅಂತಾರೆ. ಒಂದು ಕಾಲದಲ್ಲಿ ಗುಜರಿಯವನೂ ಮುಟ್ಟದೆ ಹೋಗುತ್ತಿದ್ದ ಪ್ಲೇಟಿಗೆ ಈಗ ಚಿನ್ನದ ಮರ್ಯಾದೆ. ಮರ್ಯಾದೆ ಬಂದ ಕೂಡಲೇ ನಕಲಿಯೂ ಬರಬೇಕಲ್ಲ? ಮನುಷ್ಯರಲ್ಲೂ ಹಾಗೆಯೇ.

ನನ್ನ ಮನೆ ಮಂಗಳೂರಿನ ಪಡೀಲಿನಲ್ಲಿ, ಕೆಲಸ ಫಳ್ನೀರಿನಲ್ಲಿ, ಒಂದು ಹಳೆ ಪ್ಲೇಟಿನ ಅಂಗಡಿಯಲ್ಲಿ. ಕಲಿತದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಅಂಗಡಿಯ ಪೊರ್ಬುಗಳು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಕಸ ಗುಡಿಸಲಿಕ್ಕೆ. ಕ್ರಿಸ್ತಾನ್ ಯಜಮಾನರನ್ನು ನಾವು ತುಳುವರು ಪೊರ್ಬುಗಳು ಅಂತಲೇ ಕರೆಯುವುದು. ಕಸ ಮುಗಿದ ಮೇಲೆ ಪ್ಲೇಟು ತೊಳೆಯುವ ಕೆಲಸ ಬಂತು, ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ, ಹಸುಗೂಸಿಗೆ ಸ್ನಾನ ಮಾಡಿಸಿದ ಹಾಗೆ. ಸಾವಿರ ಮಕ್ಕಳಿಗೆ ಸ್ನಾನ ಮಾಡಿಸಿದ ಸೂಲಗಿತ್ತಿಗೆ ಯಾವ ಮಗು ಯಾರದ್ದು ಅಂತ ಗೊತ್ತಾಗುವುದಿಲ್ಲವಾ? ನನಗೂ ಗೊತ್ತಾಗತೊಡಗಿತು. ಪೊರ್ಬುಗಳು ಬುದ್ಧಿವಂತರು. ಕೌಂಟರಿನ ಪಕ್ಕ ನನಗೊಂದು ಮರದ ಸ್ಟೂಲು ಹಾಕಿಕೊಟ್ಟರು. ಯಾವ ಪ್ಲೇಟು ಬಂದರೂ ಮೊದಲು ನನ್ನ ಮಡಿಲಿಗೆ. "ಎಂತ ಹೇಳ್ತದೆ ಅದು?" ಅಂತ ಕೇಳುವರು. "ಸತ್ಯ" ಅಂದರೆ ಒಳಗೆ, "ಸುಳ್ಳು" ಅಂದರೆ ಹೊರಗೆ. ಅವರು ಇರುವ ತನಕ ನನ್ನ ಮಾತಿಗೆ ಎದುರು ಮಾತು ಇರಲಿಲ್ಲ.

ಅವರು ಹೋದ ಮೇಲೆ ಶುರುವಾಯಿತು ತಕರಾರು.

೧. ಟೀ ಕುಡಿದ ಕವರು

ಪೊರ್ಬುಗಳ ಮಗಳು ಗಲ್ಫಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವರು. ಅಪ್ಪನ ಅಂಗಡಿ ಮುಚ್ಚಬಾರದು ಅಂತ ಬಂದು ಕೂತರು. ನಾನು ಅವರನ್ನು ಬಾಯಮ್ಮ ಅಂತೇನೆ, ಅವರು ನನ್ನನ್ನು ಅಕ್ಕ ಅಂತಾರೆ. ಒಳ್ಳೆ ಹೆಂಗಸು, ಕೈ ಶುದ್ಧ, ಮನಸ್ಸು ಶುದ್ಧ, ಆದರೆ ಆಸ್ಪತ್ರೆ ಬುದ್ಧಿ. ಎಲ್ಲದಕ್ಕೂ ಮೆಷಿನ್ ಬೇಕು. ಬರುವಾಗಲೇ ಪ್ಲೇಟು ತೂಗುವ ಸಣ್ಣ ತಕ್ಕಡಿ, ಲೈಟು ಇರುವ ಭೂತಗನ್ನಡಿ, ಮತ್ತೆ ಒಂದು ಫೋನು ತಂದಿದ್ದರು. ಆ ಫೋನಿಗೆ ಪ್ಲೇಟಿನ ಫೋಟೋ ತೋರಿಸಿದರೆ ಅದರ ಜಾತಕ ಹೇಳ್ತದೆ ಅಂತೆ.

"ಅಕ್ಕ, ನಿಮಗೆ ಇಂಗ್ಲಿಷ್ ಓದ್ಲಿಕ್ಕೆ ಬರುವುದಿಲ್ಲ. ಇನ್ನು ನೀವು ಹಿಂದೆ ಟಬ್ಬಿನ ಹತ್ರ ತೊಳೆಯುವುದು ಮಾತ್ರ ನೋಡಿ. ಪರೀಕ್ಷೆ ಫೋನ್ ಮಾಡ್ತದೆ."

"ಫೋನಿಗೆ ಮೂಗು ಉಂಟಾ ಬಾಯಮ್ಮ?"

"ಮೂಗು ಯಾಕೆ?"

ಅಷ್ಟರಲ್ಲಿ ದೇವರೇ ಕಳಿಸಿದ ಹಾಗೆ ಒಬ್ಬ ಪ್ಲೇಟು ಹಿಡಿದುಕೊಂಡು ಬಂದ. ಕವರು ಹಳದಿ ಬಣ್ಣಕ್ಕೆ ತಿರುಗಿ ಅಂಚೆಲ್ಲ ಕಂದಾಗಿತ್ತು. ಅಜ್ಜನ ಕಾಲದ್ದಂತೆ, ಅಟ್ಟದಲ್ಲಿ ಸಿಕ್ಕಿದ್ದಂತೆ. ಬಾಯಮ್ಮ ಫೋಟೋ ತೆಗೆದರು. ಫೋನು "ಹೌದು ಹೌದು" ಅಂತು. ನಾನು ಕವರನ್ನು ಮೂಗಿಗೆ ಹಿಡಿದೆ.

"ಮಾರಾಯ, ಇದು ಹಳತಾದದ್ದಲ್ಲ, ಟೀ ಕುಡಿದದ್ದು. ಏಲಕ್ಕಿ ಬೇರೆ ಹಾಕಿದ್ದೀ."

ಅವನು ಕೆಂಪಾದ. ನಾನು ಬಿಡಲಿಲ್ಲ. "ಮಂಗಳೂರಿನ ಅಟ್ಟದಲ್ಲಿ ನಲವತ್ತು ಮಳೆಗಾಲ ಕೂತ ಕವರಿಗೆ ಬೂಸ್ಟು ಹಿಡಿದ ವಾಸನೆ ಇಲ್ಲ, ಬೆಳ್ಳಿಹುಳ ತಿಂದ ತೂತಿಲ್ಲ. ನಿನ್ನ ಅಜ್ಜನ ಅಟ್ಟ ಎಲ್ಲಿ, ಫ್ರಿಜ್ಜಿನಲ್ಲಿಯಾ?"

ಪ್ಲೇಟನ್ನು ಅಲ್ಲೇ ಬಿಟ್ಟು ಅವನು ಓಡಿದ. ಆದರೂ ಬಾಯಮ್ಮ ಸೋಲಲಿಲ್ಲ. ಅಪ್ಪನ ಹಟ ಮಗಳಿಗೂ ಉಂಟು. "ಸರಿ ಅಕ್ಕ. ಮಳೆ ಬಿಟ್ಟ ಮೇಲೆ ಊರಿನಲ್ಲಿ ರೆಕಾರ್ಡಿನ ಮೇಳ ಉಂಟು. ಅಲ್ಲಿಯವರೆಗೆ ಸ್ಟೂಲು ನಿಮ್ಮದು. ಅದರ ಮೊದಲು ಒಂದೇ ಒಂದು ನಕಲಿಗೆ ನೀವು ಅಸಲಿ ಅಂತ ಹೇಳಿದರೆ, ಟಬ್ಬಿಗೆ."

"ಆಯ್ತು. ಫೋನು ತಪ್ಪು ಹೇಳಿದರೆ?"

"ಫೋನನ್ನು ಟಬ್ಬಿಗೆ ಹಾಕ್ಲಿಕ್ಕೆ ಆಗುವುದಿಲ್ಲ ಅಕ್ಕ, ಕೆಟ್ಟುಹೋಗ್ತದೆ."

ನೋಡಿ ನ್ಯಾಯ!

೨. ನಮ್ಮದೇ ಸೀಲು

ಮುಂದಿನ ವಾರ ಬಂದವರು ಒಬ್ಬ ದೊಡ್ಡ ಮನುಷ್ಯರು. ಪ್ಯಾಂಟಿನ ಇಸ್ತ್ರಿ ಗೆರೆಯಲ್ಲಿ ತೆಂಗಿನಕಾಯಿ ಒಡೆಯಬಹುದು, ಅಷ್ಟು ಚೂಪು. ಪ್ಲೇಟನ್ನು ಎರಡೂ ಕೈಯಲ್ಲಿ, ಪೂಜೆಯ ಹರಿವಾಣ ಹಿಡಿದ ಹಾಗೆ ತಂದರು.

"ಇದು ನನ್ನ ಅಮ್ಮ ನಿಮ್ಮ ಅಂಗಡಿಯಲ್ಲೇ ತೆಗೊಂಡದ್ದು. ನಾನು ಹುಟ್ಟುವ ಮೊದಲು. ನೋಡಿ, ಹಿಂದೆ ನಿಮ್ಮದೇ ಸೀಲು ಉಂಟು."

ಕವರಿನ ಬೆನ್ನಿಗೆ ನೇರಳೆ ಶಾಯಿಯಲ್ಲಿ ನಮ್ಮ ಅಂಗಡಿಯ ದುಂಡು ಸೀಲು. ಬಾಯಮ್ಮನ ಕಣ್ಣು ತುಂಬಿತು. "ಪಪ್ಪನ ಸೀಲು ಅಕ್ಕ!" ಅಂತ ಅದರ ಮೇಲೆ ಕೈಯಾಡಿಸಿದರು. ಫೋನನ್ನು ಹೊರಗೆ ತೆಗೆಯಲೇ ಇಲ್ಲ. ಅಪ್ಪನ ನೆನಪಿನ ಎದುರು ಮೆಷಿನ್ ಎಂತ ಮಾಡ್ತದೆ? ಆ ಮನುಷ್ಯರೂ ಕರವಸ್ತ್ರ ತೆಗೆದರು. ಇಬ್ಬರೂ ಸೇರಿ ಅಳುವ ಅಂದಾಜಿನಲ್ಲಿದ್ದರು.

ನನಗೆ ಇಂಗ್ಲಿಷ್ ಅಕ್ಷರ ಬಾರದಿದ್ದರೂ ಅಂಕೆ ಬರ್ತದೆ. ಸೀಲಿನ ಅಡಿಯಲ್ಲಿ ಫೋನ್ ನಂಬ್ರ ಇತ್ತು. ಒಂದೊಂದೇ ಅಂಕೆಯ ಮೇಲೆ ಬೆರಳಿಟ್ಟೆ. ಹತ್ತು.

"ನಿಮ್ಮ ಅಮ್ಮ ಯಾವಾಗ ತೆಗೊಂಡದ್ದು ಅಂದ್ರಿ?"

"ನಾನು ಹುಟ್ಟುವ ಮೊದಲು ಅಂತ ಹೇಳಿದೆನಲ್ಲ."

"ನಿಮಗಿಂತ ಮೊದಲು ಮೊಬೈಲ್ ಹುಟ್ಟಿತ್ತಾ? ಆಗ ನಮ್ಮ ಅಂಗಡಿಗೆ ಇದ್ದದ್ದು ಕಪ್ಪು ಡಬ್ಬಿಯ ಫೋನು. ಅದರ ನಂಬ್ರ ಹೇಳಿ ಮುಗಿಸಲಿಕ್ಕೆ ಒಂದು ಉಸಿರೂ ಬೇಡ. ಇದು ಹತ್ತು ಅಂಕೆಯದ್ದು. ಪೊರ್ಬುಗಳು ಸಾಯುವ ಎರಡು ವರ್ಷ ಮೊದಲು ತೆಗೊಂಡ ಮೊಬೈಲಿನದ್ದು!"

ನಮ್ಮ ಅಂಗಡಿಯ ಈಗಿನ ಬಿಲ್ಲು ನೋಡಿ ಯಾರೋ ಸೀಲು ಮಾಡಿಸಿದ್ದರು. ಬಾಯಮ್ಮನ ಕಣ್ಣೀರು ಅಲ್ಲೇ ಆವಿಯಾಯಿತು. ಬೇರೆಯವರಾದರೆ ನಾಚಿ ಹೋಗುತ್ತಿದ್ದರು. ಆದರೆ ಆ ಮನುಷ್ಯರ ಮುಖ ನೋಡಬೇಕಿತ್ತು, ಇಸ್ತ್ರಿಯ ಹಾಗೆಯೇ ಗಟ್ಟಿ. ಪ್ಲೇಟನ್ನು ಮೆಲ್ಲ ಚೀಲಕ್ಕೆ ಹಾಕಿಕೊಂಡು ಹೇಳಿದರು:

"ನಮ್ಮ ಅಮ್ಮನಿಗೆ ಮೊದಲಿನಿಂದಲೂ ದೂರದೃಷ್ಟಿ ಸ್ವಲ್ಪ ಜಾಸ್ತಿ."

೩. ಡಾಕ್ಟರ ಗಾಜಿನ ಚೌಕಟ್ಟು

ಇದನ್ನು ನಾನು ಹೇಳಬಾರದು. ಆದ್ದರಿಂದ ಸರಿಯಾಗಿ ಕೇಳಿ.

ಫಳ್ನೀರಿನ ಒಂದು ಎತ್ತರದ ಕಟ್ಟಡದಲ್ಲಿ ಒಬ್ಬ ಡಾಕ್ಟರು ಇದ್ದಾರೆ. ಅವರ ಮನೆಯ ಹಾಲ್‌ನಲ್ಲಿ ಒಂದು ಗೋಡೆ ಪೂರ್ತಿ ಪ್ಲೇಟು. ವರ್ಷಕ್ಕೆ ಎರಡು ಸಲ ನಾನು ಹೋಗಿ ತೊಳೆದು ಒರೆಸಿ ಬರುವುದು. ಗೋಡೆಯ ನಡುವೆ ಒಂದು ಗಾಜಿನ ಚೌಕಟ್ಟು. ಅದರೊಳಗೆ ಒಂದೇ ಪ್ಲೇಟು. ಬಂದ ನೆಂಟರಿಗೆಲ್ಲ ಡಾಕ್ಟರು ಅದನ್ನು ತೋರಿಸುವುದು: "ಇದು ಕಾಲೇಜಿನಲ್ಲಿ ಒಬ್ಬರು ಕೊಟ್ಟದ್ದು. ಓದುವಾಗ ದಿನಾ ಕೇಳ್ತಿದ್ದೆ. ಸಾವಿರ ಸಲ ಕೇಳಿದ್ದೇನೆ." ಆ ಒಬ್ಬರು ಯಾರು ಅಂತ ಹೇಳುವುದಿಲ್ಲ. ಆದರೆ ಕವರಿನ ಮೇಲೆ ಓರೆ ಅಕ್ಷರದಲ್ಲಿ ನಾಲ್ಕು ಸಾಲು ಬರೆದಿತ್ತು, ಮತ್ತೆ ಒಂದು ಸಣ್ಣ ಹೂವಿನ ಚಿತ್ರ. ಹೂವು ಬಿಡಿಸುವವರು ಯಾರು ಅಂತ ತಿಳಿಯಲಿಕ್ಕೆ ಕಾಲೇಜಿಗೆ ಹೋಗಬೇಕಾ?

ಈ ಸಲ ಡಾಕ್ಟರು ಆಸ್ಪತ್ರೆಗೆ ಹೋಗಿದ್ದಾಗ ಚೌಕಟ್ಟಿನ ಗಾಜಿಗೆ ಬೂಸ್ಟು ಹಿಡಿದದ್ದು ಕಂಡು ನಾನು ತೆಗೆದೆ. ಪ್ಲೇಟನ್ನು ಬೆಳಕಿಗೆ ಹಿಡಿದೆ. ಸಾವಿರ ಸಲ ಕೇಳಿದ ಪ್ಲೇಟಿನ ನಡುವಿನ ತೂತು ಹೇಗಿರ್ತದೆ ಗೊತ್ತುಂಟಾ? ಮೆಷಿನ್ನಿನ ಕಡ್ಡಿಗೆ ಹಾಕುವಾಗೆಲ್ಲ ತೂತು ಹುಡುಕಿ ಹುಡುಕಿ ಲೇಬಲಿನ ಮೇಲೆ ಬೆಕ್ಕಿನ ಮೀಸೆಯ ಹಾಗೆ ಗೀರು ಬಿದ್ದಿರ್ತದೆ. ಇದರಲ್ಲಿ ಒಂದು ಗೀರಿಲ್ಲ. ಮದುವೆಯಾಗದ ಪ್ಲೇಟು.

ಹಿಂದೆ ತಿರುಗಿ ನೋಡ್ತೇನೆ, ಡಾಕ್ಟರ ಹೆಂಡತಿ ನಿಂತಿದ್ದಾರೆ. ನನ್ನ ಮುಖ ನೋಡಿದರು. ನನ್ನ ಮುಖಕ್ಕೆ ಗುಟ್ಟು ಇಟ್ಟುಕೊಳ್ಳಲಿಕ್ಕೆ ಬರುವುದಿಲ್ಲ. ಅವರು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ನಿಮಗೆ ಗೊತ್ತಾಯ್ತಲ್ಲ?"

"ಎಂತ ಗೊತ್ತಾಗುವುದು ಅಮ್ಮ? ಇದು ನಕಲಿ ಅಂತ ಮಾತ್ರ ಗೊತ್ತಾಯ್ತು."

"ಅಸಲಿಯನ್ನು ಹನ್ನೊಂದು ವರ್ಷದ ಹಿಂದೆಯೇ ನಾನು ಗುಜರಿಗೆ ಕೊಟ್ಟೆ. ಇವರು ಊರಲ್ಲಿ ಇರಲಿಲ್ಲ. ಮತ್ತೆ ಹೆದರಿಕೆಯಾಗಿ ಇದನ್ನು ತರಿಸಿ ಇಟ್ಟೆ."

"ಮತ್ತೆ ಕವರಿನ ಮೇಲಿನ ಬರಹ?"

"ಅದು ನಾನೇ ಬರೆದದ್ದು. ಇವರ ಪೆಟ್ಟಿಗೆಯಲ್ಲಿದ್ದ ಅವಳ ಹಳೆ ಕಾಗದಗಳ ಅಕ್ಷರ ನೋಡಿ ನೋಡಿ ಎರಡು ನೋಟುಪುಸ್ತಕ ಅಭ್ಯಾಸ ಮಾಡಿ ಬರೆದೆ."

"ಹೂವು?"

"ಹೂವು ಅವಳದ್ದಕ್ಕಿಂತ ನನ್ನದು ಚಂದ ಬಂದಿದೆ," ಅಂದರು ಹೆಂಗಸು. ಸ್ವಲ್ಪ ಹೆಮ್ಮೆಯಿಂದಲೇ.

ಹನ್ನೊಂದು ವರ್ಷದಿಂದ ಡಾಕ್ಟರು ಸಂಜೆ ಹೊತ್ತು ಆ ಚೌಕಟ್ಟಿನ ಎದುರು ನಿಂತು ನಿಟ್ಟುಸಿರು ಬಿಡುವುದು ಸ್ವಂತ ಹೆಂಡತಿಯ ಅಕ್ಷರ ನೋಡಿ! ಇದಕ್ಕಿಂತ ಪತಿವ್ರತೆ ಗಂಡಸು ಫಳ್ನೀರಿನಲ್ಲಿ ಇದ್ದರೆ ತೋರಿಸಿ.

ನನಗೆ ಕಷ್ಟಕ್ಕೆ ಬಂದದ್ದು ಬೇರೆ. ಸುಮ್ಮನಿದ್ದರೆ ನಕಲಿಯನ್ನು ಅಸಲಿ ಅಂತ ಬಿಟ್ಟ ಹಾಗೆ, ಸ್ಟೂಲು ಹೋಗ್ತದೆ. ಹೇಳಿದರೆ ಒಂದು ಸಂಸಾರ ಹೋಗ್ತದೆ. ಕೊನೆಗೆ ಬಾಯಮ್ಮನಿಗೆ ಮಾತ್ರ ಹೇಳಿದೆ. ನಕ್ಕು ನಕ್ಕು ಅವರಿಗೆ ಬಿಕ್ಕಳಿಕೆ ಬಂತು. "ಸ್ಟೂಲು ನಿಮ್ಮದೇ ಅಕ್ಕ, ಆದರೆ ದೇವರಾಣೆ, ಬೇರೆ ಯಾರಿಗೂ ಹೇಳಬೇಡಿ" ಅಂದರು. ನಾನು ಯಾರಿಗೂ ಹೇಳಲಿಲ್ಲ. ಸಂಜೆ ಬಸ್ಸಿನಲ್ಲಿ ಪಡೀಲಿನವರೆಗೆ ಪಕ್ಕದಲ್ಲಿ ಕೂತವಳಿಗೆ ಸ್ವಲ್ಪ ಹೇಳಿದ್ದು ಹೌದು. ಆದರೆ ಹೆಸರು ಹೇಳಲಿಲ್ಲ ಮಾರಾಯ್ರೆ.

ಎಷ್ಟನೇ ಮಹಡಿ ಅಂತ ಮಾತ್ರ ಹೇಳಿದೆ.

೪. ಬೆಂಗ್ರೆಯ ಮುಚ್ಚಳ

ನಕಲಿ ಹಿಡಿಯುವುದು ದೊಡ್ಡದಲ್ಲ. ಎಲ್ಲರೂ ನಕಲಿ ಅನ್ನುವಾಗ ಅಸಲಿ ಅಂತ ಹೇಳಲಿಕ್ಕೆ ಎದೆ ಬೇಕು.

ಒಂದು ದಿನ ಬೆಂಗ್ರೆಯಿಂದ ಫೆರಿಯಲ್ಲಿ ಹೊಳೆ ದಾಟಿ ಒಬ್ಬಳು ಹೆಂಗಸು ಬಂದಳು. ನನ್ನಷ್ಟೇ ಪ್ರಾಯ, ನನಗಿಂತ ದೊಡ್ಡ ಬಾಯಿ. ಅವಳು ಚೀಲದಿಂದ ಪ್ಲೇಟು ತೆಗೆದದ್ದೇ ತಡ, ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಹೊರಗೆ ಹೋಗಿ ನಿಂತರು. ಸೆರಗಿಲ್ಲದ್ದಕ್ಕೆ ಬಾಯಮ್ಮ ಮೂಗಿಗೆ ಬಿಲ್ ಪುಸ್ತಕ ಹಿಡಿದುಕೊಂಡು ಏಸು, ಮರಿಯಮ್ಮನನ್ನು ಕರೆದರು.

"ಜೆಜು ಮರಿ! ಎಂತ ವಾಸನೆ ಇದು?"

"ಎಂತ ಅಂದರೆ? ಒಣಮೀನಿನದ್ದು," ಅಂದಳು ಅವಳು. "ನಮ್ಮ ಮಾವ ಹಡಗಿನಲ್ಲಿ ಕೆಲಸಕ್ಕೆ ಇದ್ದರು. ಅವರು ತಂದದ್ದು. ಹಾಡುವ ಪೆಟ್ಟಿಗೆ ಹಾಳಾಗಿ ಹೋಯ್ತು. ಇದು ನನ್ನ ಒಣಮೀನಿನ ಭರಣಿಗೆ ಸರಿಯಾಗಿ ಕೂತಿತು. ಇಪ್ಪತ್ತೈದು ವರ್ಷದಿಂದ ಮುಚ್ಚಳ."

ಲೇಬಲಿನ ಅರ್ಧ ಹೋಗಿತ್ತು. ಫೋನಿಗೆ ತೋರಿಸಿದರೆ ಅದಕ್ಕೆ ಗುರುತೇ ಸಿಗಲಿಲ್ಲ. ತಕ್ಕಡಿಯಲ್ಲಿ ಇಟ್ಟರೆ ತೂಕ ಜಾಸ್ತಿ ತೋರಿಸಿತು. "ಇದು ಯಾವುದೋ ಡೂಪ್ಲಿಕೇಟ್ ಅಕ್ಕ, ಕಳಿಸಿಬಿಡಿ," ಅಂತ ಬಿಲ್ ಪುಸ್ತಕದ ಹಿಂದಿನಿಂದ ಬಾಯಮ್ಮ ಹೇಳಿದರು.

"ತೂಕ ಮೀನಿನ ಉಪ್ಪಿನದ್ದು," ಅಂದೆ. ಮೂರು ಸಲ ಅಂಟುವಾಳದ ನೀರಿನಲ್ಲಿ ತೊಳೆದೆ. ಹಾಡು ಮುಗಿದ ಮೇಲೆ ಲೇಬಲಿನ ಸುತ್ತ ಒಂದು ಖಾಲಿ ಉಂಗುರ ಉಳಿಯುತ್ತದಲ್ಲ, ಅಲ್ಲಿ ಬೆರಳಾಡಿಸಿದೆ. ಅಸಲಿ ಮಾಡುವವರು ಅಲ್ಲಿ ಕೈಯಿಂದ ನಂಬ್ರ ಕೆತ್ತಿರುತ್ತಾರೆ. ನಕಲಿಯಲ್ಲಿ ಅದು ಬರೇ ನೆರಳಿನ ಹಾಗೆ, ಬೆರಳಿಗೆ ಸಿಗುವುದಿಲ್ಲ. ಇದರಲ್ಲಿ ಕೆತ್ತಿದ ಕೈಯ ನಡುಕ ಕೂಡ ನನ್ನ ಬೆರಳಿಗೆ ಸಿಕ್ಕಿತು. ಒಣಗಿಸಿ, ಸೂಜಿ ಇಟ್ಟೆವು. ಮಾರಾಯ್ರೆ, ಎಂಥಾ ಸ್ವರ! ಹೊರಗೆ ನಿಂತ ಇಬ್ಬರು ಗಿರಾಕಿಗಳೂ ಒಳಗೆ ಬಂದು ಅದನ್ನು ನನಗೆ ಕೊಡಿ, ನನಗೆ ಕೊಡಿ ಅಂತ ಜಗಳಕ್ಕೆ ನಿಂತರು. ಒಬ್ಬರಿಗೆ ಅಂತೂ ಅದು ಹತ್ತು ವರ್ಷದಿಂದ ಹುಡುಕುತ್ತಿದ್ದ ಪ್ಲೇಟಂತೆ.

ಬಾಯಮ್ಮ ನ್ಯಾಯವಾದ ಬೆಲೆ ಹೇಳಿದರು. ಬೆಂಗ್ರೆಯವಳು ಹಣ ಸೆರಗಿಗೆ ಕಟ್ಟಿಕೊಂಡಳು. ಆದರೆ ಎದ್ದು ಹೋಗಲಿಲ್ಲ.

"ಮತ್ತೆಂತ ಬೇಕು?" ಅಂತ ಕೇಳಿದೆ.

"ನನ್ನ ಭರಣಿ ತೆರೆದು ಕೂತಿದೆ. ಬೆಕ್ಕು ಬಾಯಿ ಹಾಕಿದರೆ? ಮುಚ್ಚಳಕ್ಕೆ ಮುಚ್ಚಳ ಕೊಡಿ. ಸ್ಟೀಲಿನದ್ದು ಬೇಡ. ಇದರ ನಡುವೆ ತೂತು ಇತ್ತು, ಮೀನಿಗೆ ಗಾಳಿ ಆಡ್ತಿತ್ತು."

ನಾನು ಒಳಗೆ ಹೋಗಿ, ಆ ಟೀ ಕುಡಿದ ಕವರಿನವನು ಬಿಟ್ಟು ಓಡಿದ ನಕಲಿ ಪ್ಲೇಟನ್ನು ತಂದುಕೊಟ್ಟೆ. ಅವಳು ಹಿಂದೆ ಮುಂದೆ ನೋಡಿ, ತೂತಿಗೆ ಕಿರುಬೆರಳು ಹಾಕಿ, ಕಿವಿಗೆ ಹಿಡಿದು ತಟ್ಟಿ, ಬಾಯಮ್ಮನಿಗಿಂತ ಹೆಚ್ಚು ಪರೀಕ್ಷೆ ಮಾಡಿದಳು. ಕೊನೆಗೆ ತಲೆ ಆಡಿಸಿದಳು.

"ಇದು ಅಸಲಿ."

೫. ಬನ್ಸ್ ತರುವ ಶಿಷ್ಯ

ಇಷ್ಟೆಲ್ಲ ಆದ ಮೇಲೆ ನನ್ನ ಹೆಸರು ಊರಲ್ಲಿ ಹಬ್ಬಿತು. "ಫಳ್ನೀರಿನ ಮುದುಕಿ ಹೌದು ಅಂದರೆ ಹೌದು" ಅಂತ. ಮೇಳಕ್ಕೆ ಇನ್ನು ಎರಡು ತಿಂಗಳು. ಸ್ಟೂಲಿಗೆ ಹೊಸ ಕುಶನ್ ಹೊಲಿಸಿದೆ.

ಆಗ ಬಂದ ಒಬ್ಬ ಬಂಗಾರದಂಥ ಗಿರಾಕಿ. ನಲವತ್ತು ವರ್ಷದವ, ಹಣೆಗೆ ಗಂಧ, ಬಾಯಲ್ಲಿ ಜೇನು. ಕೈಯಲ್ಲಿ ಪ್ಲೇಟು ಒಂದು, ಕಾಗದದ ಪೊಟ್ಟಣದಲ್ಲಿ ಬಿಸಿ ಬಿಸಿ ಬನ್ಸ್ ನಾಲ್ಕು.

"ದೊಡ್ಡಮ್ಮ, ನಿಮ್ಮ ಹೆಸರು ಕೇಳಿ ಬಂದೆ. ನಾನು ಹೊಸಬ, ಎಲ್ಲರೂ ಮೋಸ ಮಾಡ್ತಾರೆ. ಇದು ಹೇಗುಂಟು ನೋಡಿ."

ನೋಡಿದೆ. ನಕಲಿ. ಯಾಕೆ ಅಂತ ಬನ್ಸ್ ಮುಗಿಯುವ ತನಕ ವಿವರಿಸಿದೆ: ಕವರಿಗೆ ಬೂಸ್ಟಿಲ್ಲ, ತೂತಿಗೆ ಮೀಸೆ ಇಲ್ಲ, ಖಾಲಿ ಉಂಗುರದಲ್ಲಿ ಕೆತ್ತನೆ ಇಲ್ಲ. ಅವನು ಹಣೆ ಬಡಿದುಕೊಂಡ. "ಅಯ್ಯೋ, ಮೋಸ ಹೋದೆನಲ್ಲ ದೊಡ್ಡಮ್ಮ!" ನನಗೆ ಪಾಪ ಅನಿಸಿತು.

ಮುಂದಿನ ವಾರ ಇನ್ನೊಂದು ಪ್ಲೇಟು, ಇನ್ನು ನಾಲ್ಕು ಬನ್ಸ್. ಈ ಸಲ ಕವರಿಗೆ ಬೂಸ್ಟು ಇತ್ತು. ಆದರೆ ಗೋಣಿಚೀಲದ ಬೂಸ್ಟು. "ಕಾಗದದ ಬೂಸ್ಟು ಹೀಗೆ ನಾರುವುದಿಲ್ಲ," ಅಂತ ಹೇಳಿಕೊಟ್ಟೆ. ಅದರ ಮುಂದಿನ ವಾರ ವಾಸನೆ ಸರಿ, ತೂತಿನ ಮೀಸೆ ಕೂಡ ಸರಿ, ಆದರೆ ಮೀಸೆ ಒಂದೇ ಕಡೆಗೆ. "ಮನುಷ್ಯ ದಿನಾ ಒಂದೇ ಕಡೆಯಿಂದ ತಡಕಾಡುತ್ತಾನಾ? ಸುತ್ತ ಇರಬೇಕು," ಅಂದೆ. ಅವನು ಕಿವಿಯಿಂದ ಅಲ್ಲ, ಕಣ್ಣಿನಿಂದ ಕೇಳುತ್ತಿದ್ದ. ಇಂಥಾ ಶ್ರದ್ಧೆಯ ಶಿಷ್ಯ ನನ್ನ ಹೊಟ್ಟೆಯಲ್ಲಿ ಹುಟ್ಟಿದವರಲ್ಲೂ ಇಲ್ಲ.

ಐದನೇ ವಾರ ತಂದ ಪ್ಲೇಟನ್ನು ನಾನು ಮೂರು ಸಲ ತಿರುಗಿಸಿದೆ. ಮೂಗು ಹೌದು ಅಂತು, ಬೆರಳು ಹೌದು ಅಂತು. "ಸತ್ಯ," ಅಂದೆ. ಅವನು ನನ್ನ ಕಾಲು ಮುಟ್ಟಿದ.

ನಾಲ್ಕೇ ದಿನದಲ್ಲಿ ಅದೇ ಪ್ಲೇಟು ಬೇರೊಬ್ಬರ ಕೈಯಲ್ಲಿ ಅಂಗಡಿಗೆ ಬಂತು. "ಫಳ್ನೀರಿನ ಅಜ್ಜಿಯೇ ಪಾಸ್ ಮಾಡಿದ್ದು ಅಂತ ಹೇಳಿ ಮಾರಿದರು. ತೊಳೆದುಕೊಡಿ," ಅಂದರು. ನಾನು ಹೆಮ್ಮೆಯಿಂದ ಟಬ್ಬಿಗೆ ಇಳಿಸಿದೆ. ಅಂಟುವಾಳದ ನೀರು ತಾಗಿದ್ದೇ ಲೇಬಲು ಕಾವಲಿಯಿಂದ ನೀರುದೋಸೆ ಎದ್ದ ಹಾಗೆ ಸುಯ್ಯ ಅಂತ ಎದ್ದು ಬಂತು. ಅಸಲಿಯ ಲೇಬಲು ಪ್ಲೇಟಿನ ಜೊತೆಗೇ ಬೆಂದಿರ್ತದೆ, ಉಗುರು ಹಾಕಿದರೂ ಏಳುವುದಿಲ್ಲ.

ಬಾಯಮ್ಮ ನೋಡಿದರು. ಎದ್ದ ಲೇಬಲನ್ನು ಎರಡು ಬೆರಳಲ್ಲಿ ಎತ್ತಿ ಟಬ್ಬಿನ ಅಂಚಿಗೆ ಇಟ್ಟರು. ಮತ್ತೆ ಮೆಲ್ಲ ಕೇಳಿದರು:

"ಅಕ್ಕ, ಆ ಬನ್ಸಿನವನ ಪ್ಲೇಟು ವಾರದಿಂದ ವಾರಕ್ಕೆ ಒಳ್ಳೆಯದಾಗುತ್ತಾ ಬಂತಲ್ಲ, ಯಾಕೆ ಅಂತ ನಿಮಗೆ ಅನಿಸಲಿಲ್ಲವಾ?"

ಆಗ ನನ್ನ ತಲೆಗೆ ಹೊಳೆಯಿತು. ಅವನು ಮೋಸ ಹೋದವನಲ್ಲ, ಮೋಸ ಮಾಡುವವನು. ಎಲ್ಲಿಯೋ ಕೂತು ಪ್ಲೇಟು ಮಾಡುವುದು, ತಂದು ನನ್ನ ಹತ್ರ ತಿದ್ದಿಸಿಕೊಂಡು ಹೋಗುವುದು. ನನ್ನ ಬಾಯಿಯೇ ಅವನ ಕಾರ್ಖಾನೆ!

ಮಾತು ಅಂದರೆ ಮಾತು. ಸ್ಟೂಲನ್ನು ನಾನೇ ಎತ್ತಿ ಗೋಡೆಗೆ ಸರಿಸಿದೆ, ಹೊಸ ಕುಶನ್ ಸಮೇತ. ಬಾಯಮ್ಮ "ಬೇಡ ಅಕ್ಕ" ಅಂತ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಮೂರನೇ ಕ್ಲಾಸು ದಾಟದವಳು ಐದು ವಾರ ಟೀಚರಾಗಿದ್ದೆ. ಫೀಸು, ಇಪ್ಪತ್ತು ಬನ್ಸ್.

೬. ಕಡೆಯ ಪಾಠ

ಟಬ್ಬಿನ ಹತ್ರ ಕೂತು ನಾನು ಅಳಲಿಲ್ಲ. ಅಳುವ ಜಾತಿಯವಳಲ್ಲ ನಾನು. ಪೊರ್ಬುಗಳು ಹಾಕಿಕೊಟ್ಟ ಸ್ಟೂಲನ್ನು ಬನ್ಸಿಗೆ ಮಾರಿದೆನಲ್ಲ ಅಂತ ಹೊಟ್ಟೆ ಉರಿಯಿತು, ಅಷ್ಟೇ.

ಮುಂದಿನ ವಾರ ಅವನು ಪುನಃ ಬಂದ. ನಮಗೆ ತಿಳಿದದ್ದು ಅವನಿಗೆ ತಿಳಿದಿರಲಿಲ್ಲ. ಬಾಯಮ್ಮ ಪೊಲೀಸ್ ಅಂತ ಬಾಯಿ ತೆರೆಯುವಷ್ಟರಲ್ಲಿ ನಾನು ಕಣ್ಣಸನ್ನೆ ಮಾಡಿದೆ. ಅವನನ್ನು ಹಿಂದೆ ಟಬ್ಬಿನ ಹತ್ರ ಕರೆದು ಕೂರಿಸಿದೆ.

"ಎಂತ ದೊಡ್ಡಮ್ಮ, ಇಲ್ಲಿ ಕೂತಿದ್ದೀರಿ?"

"ಸೊಂಟ ನೋವು ಮಗ, ಸ್ಟೂಲು ಆಗುವುದಿಲ್ಲ. ಬಾ. ಇಷ್ಟು ದಿನ ಎಲ್ಲ ಹೇಳಿದೆ, ಒಂದು ಗುಟ್ಟು ಮಾತ್ರ ಹೇಳಿರಲಿಲ್ಲ. ಪೊರ್ಬುಗಳು ಸಾಯುವ ಮೊದಲು ನನಗೊಬ್ಬಳಿಗೇ ಹೇಳಿದ್ದು."

ಅವನು ಬನ್ಸಿನ ಪೊಟ್ಟಣ ನೆಲಕ್ಕಿಟ್ಟು ಮುಂದೆ ಬಾಗಿದ.

"ಆ ಕಾಲದಲ್ಲಿ ಕವರು ಅಂಟಿಸಲಿಕ್ಕೆ ಈಗಿನ ಗಮ್ಮು ಎಲ್ಲಿತ್ತು? ಮೈದಾದ ಗಂಜಿಗೆ ಬೆಲ್ಲ ಹಾಕಿ ಕುದಿಸುವುದು. ಒಳ್ಳೆ ಗಟ್ಟಿ ಬೆಲ್ಲ. ಅಸಲಿ ಕವರಿನ ಹೊಲಿಗೆಯಂಥಾ ಅಂಚು ಉಂಟಲ್ಲ, ಅದನ್ನು ನಾಲಿಗೆ ತುದಿಯಿಂದ ನೆಕ್ಕಿ ನೋಡಬೇಕು. ಸಿಹಿ ಇದ್ದರೆ ಅಸಲಿ, ಕಣ್ಣು ಮುಚ್ಚಿ ತೆಗೊಳ್ಳಬಹುದು. ಯಾರಿಗೂ ಹೇಳಬೇಡ."

"ಯಾರಿಗೂ ಹೇಳುವುದಿಲ್ಲ ದೊಡ್ಡಮ್ಮ," ಅಂದ. ಕಣ್ಣು ಬೆಲ್ಲದ ಪಾಕದ ಹಾಗೆ ಹೊಳೆಯುತ್ತಿತ್ತು. ಅವನು ಹೋದ ಮೇಲೆ ಬಾಯಮ್ಮ ಕೇಳಿದರು, "ನಿಜವಾ ಅಕ್ಕ ಅದು?"

"ಬನ್ಸ್ ತಿನ್ನಿ ಬಾಯಮ್ಮ," ಅಂದೆ.

ಮೇಳದ ದಿನ. ದೊಡ್ಡ ಸಭಾಭವನ, ಸಾಲಾಗಿ ಮೇಜುಗಳು, ಎಲ್ಲ ಕಡೆಯಿಂದ ಬಂದ ಪ್ಲೇಟಿನ ಹುಚ್ಚರು. ನಮ್ಮದು ಬಾಗಿಲಿನ ಹತ್ರದ ಸಣ್ಣ ಮೇಜು. ನಾನು ನೀರಿನ ಬಾಲ್ದಿ ಹಿಡಿದು ಅದರ ಹಿಂದೆ ನೆಲದಲ್ಲಿ ಕೂತಿದ್ದೆ. ಅವನದು ನಟ್ಟನಡುವೆ ಎರಡು ಮೇಜು, ಗುಡ್ಡೆ ಗುಡ್ಡೆ ಪ್ಲೇಟು. ಎಲ್ಲವೂ ಸಿಗಲಾರದ ಪ್ಲೇಟುಗಳೇ. ಹತ್ತು ಗಂಟೆಗೆ ಅವನ ಮೇಜಿಗೆ ಜನ ಮುತ್ತಿದರು. ಅವನು ಪ್ರತಿಯೊಬ್ಬರನ್ನೂ ಹತ್ತಿರ ಕರೆದು ಕಿವಿಯಲ್ಲಿ ಗುಟ್ಟು ಹೇಳುವುದು, ಅವರು ಕವರನ್ನು ಮುಖದ ಹತ್ರ ತಂದು ಆಚೆ ಈಚೆ ನೋಡಿ ನಾಲಿಗೆ ಹಾಕುವುದು.

ಆ ದೃಶ್ಯ ನಾನು ಸತ್ತರೂ ಮರೆಯುವುದಿಲ್ಲ. ಕೋಟು ಹಾಕಿದವರು ನೆಕ್ಕಿದರು. ರಿಟೈರಾದ ದೊಡ್ಡ ಆಫೀಸರು ನೆಕ್ಕಿದರು. ಮೀಸೆ ಇದ್ದವರು ಮೀಸೆ ಸರಿಸಿ ನೆಕ್ಕಿದರು. ಶುಗರ್ ಇದ್ದವರೊಬ್ಬರು ಹೆಂಡತಿಯ ಕೈಗೆ ಕೊಟ್ಟು ನೆಕ್ಕಿಸಿ, "ಸಿಹಿ ಉಂಟಾ? ಸರಿಯಾಗಿ ನೋಡು," ಅಂತ ಕೇಳಿದರು. ಬಾಯಮ್ಮ ಮೇಜಿನ ಅಡಿಗೆ ಬಗ್ಗಿ ನಗುತ್ತಿದ್ದರು. ಏನೋ ಬಿದ್ದದ್ದನ್ನು ಹುಡುಕುವ ಹಾಗೆ ನಟನೆ.

ಹನ್ನೊಂದು ಗಂಟೆ ಹೊತ್ತಿಗೆ ಸೆಕೆ ಏರಿತು. ಮಳೆ ಬಿಟ್ಟ ಮೇಲಿನ ನಮ್ಮ ಊರಿನ ಸೆಕೆ, ಕೇಳಬೇಕಾ? ಬೆಲ್ಲ ಕರಗತೊಡಗಿತು. ಮೊದಲು ಬಾಗಿಲಿನ ಸಂದಿನಿಂದ ಒಂದು ಇರುವೆ ಬಂತು. ಅದರ ಹಿಂದೆ ಇನ್ನೊಂದು. ಮತ್ತೆ ಒಂದು ಸಾಲು. ನಮ್ಮ ಮೇಜಿನ ಕಾಲಿನ ಹತ್ರ ಬಂದು, ಮೂಸಿ ನೋಡಿ, ಮುಂದೆ ಹೋದವು. ಪಕ್ಕದ ಮೇಜಿನಲ್ಲೂ ನಿಲ್ಲಲಿಲ್ಲ. ನೆಟ್ಟಗೆ ನಡುವಿನ ಎರಡು ಮೇಜಿಗೆ. ಅರ್ಧ ಗಂಟೆಯಲ್ಲಿ ಅವನ ಗುಡ್ಡೆಗಳು ಜೀವ ಬಂದ ಹಾಗೆ ಅಲ್ಲಾಡುತ್ತಿದ್ದವು. ಕೊಂಡುಹೋದವರು ಅಂಗಿ ಕೊಡವಿಕೊಳ್ಳುತ್ತಾ ಓಡಿ ಬಂದರು. ಶುಗರಿನವರ ಹೆಂಡತಿಯ ತುಟಿ ಊದಿತ್ತು.

ಮೇಳ ನಡೆಸುವ ಹಿರಿಯರು ಮೈಕ್ ಹಿಡಿದು ಬಂದರು. "ಎಂತ ಇದು? ಪ್ಲೇಟಿಗೆ ಇರುವೆ ಹೇಗೆ ಬರ್ತದೆ?"

ಅವನ ಕಣ್ಣು ಸಭೆಯೆಲ್ಲ ಹುಡುಕಿ ಬಂದು ನನ್ನ ಮೇಲೆ ನಿಂತಿತು. ಗಂಧದ ಮೇಲೆ ಬೆವರು ಇಳಿಯುತ್ತಿತ್ತು. ಬೆರಳು ತೋರಿಸಿ ಒಂದೇ ಸಮನೆ ಕೂಗಿದ:

"ಆ ಮುದುಕಿಯೇ ಹೇಳಿದ್ದು! ಅಂಟಿಗೆ ಬೆಲ್ಲ ಹಾಕು ಅಂತ ಅವಳೇ ಹೇಳಿದ್ದು! ಹದಿನೈದು ದಿನ ಕೂತು ಪ್ರತಿಯೊಂದು ಕವರಿಗೂ ಬೆಲ್ಲ ಹಾಕಿ ಅಂಟಿಸಿದ್ದೇನೆ ನಾನು!"

ಮೈಕ್ ಹತ್ತಿರವೇ ಇತ್ತು. ಇಡೀ ಸಭಾಭವನಕ್ಕೆ ಕೇಳಿತು. ಒಂದು ಕ್ಷಣ ಇರುವೆ ನಡೆಯುವ ಶಬ್ದ ಬಿಟ್ಟರೆ ಬೇರೆ ಶಬ್ದ ಇರಲಿಲ್ಲ.

"ಪ್ರತಿಯೊಂದು ಕವರಿಗೂ ನೀನೇ ಅಂಟಿಸಿದ್ದಾ?" ಅಂತ ಹಿರಿಯರು ಕೇಳಿದರು. ಅಷ್ಟರಲ್ಲಿ ಅವನಿಗೂ ತಾನು ಎಂತ ಹೇಳಿದ್ದು ಅಂತ ಅರ್ಥವಾಗಿತ್ತು. ಹಿಂದಿನ ಬಾಗಿಲಿಗೆ ಓಡಿದ. ಆದರೆ ತುಟಿ ಊದಿದ ಆ ಹೆಂಗಸು ಆಗಲೇ ಅಲ್ಲಿ ನಿಂತಿದ್ದಳು. ಮುಂದಿನದ್ದನ್ನು ಮರ್ಯಾದೆಯವರು ಬರೆಯುವುದಿಲ್ಲ. ಚಪ್ಪಲಿ ಎಷ್ಟು ನಂಬರಿನದ್ದು ಅಂತ ಕೂಡ ನಾನು ಹೇಳುವುದಿಲ್ಲ. ಏಳು.

ಗಲಾಟೆ ಮುಗಿದ ಮೇಲೆ ನೋಡ್ತೇನೆ, ಬಾಯಮ್ಮ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ರಿಕ್ಷಾದಿಂದ ಇಳಿದು ಬಂದರು, ಕಂಕುಳಲ್ಲಿ ನನ್ನ ಸ್ಟೂಲು. ಅಂಗಡಿಗೆ ಹೋಗಿ ತಂದಿದ್ದರು. ಎಲ್ಲರ ಎದುರು ಮೇಜಿನ ಪಕ್ಕ ಇಟ್ಟು, ಕುಶನ್ ಕೊಡವಿ, ನನ್ನ ಕೈ ಹಿಡಿದು ಎಬ್ಬಿಸಿದರು.

"ಕೂತ್ಕೊಳ್ಳಿ ಅಕ್ಕ. ಪಪ್ಪ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದರು. ಆದರೆ ಒಂದು ಶರ್ತ ಉಂಟು."

"ಎಂತ ಶರ್ತ?"

"ಇನ್ನು ಮೇಲೆ ಸತ್ಯ, ಸುಳ್ಳು, ಅಷ್ಟೇ ಹೇಳಿ. ಯಾಕೆ ಅಂತ ಯಾರಿಗೂ ಹೇಳಬೇಡಿ."

ನಾನು ಒಪ್ಪಿ ಕೂತೆ. ಆ ದಿನ ಸಂಜೆಯ ತನಕ ಊರಿನ ದೊಡ್ಡ ದೊಡ್ಡವರೆಲ್ಲ ಸಾಲಾಗಿ ನಿಂತು ತಮ್ಮ ಪ್ಲೇಟುಗಳನ್ನು ನನ್ನ ಮಡಿಲಿಗೆ ಇಟ್ಟರು. ಬಾಯಮ್ಮನ ಫೋನು ಚೀಲದಲ್ಲೇ ಇತ್ತು.

ಶರ್ತ ಹಾಕಿದ ಮೇಲೂ ಎಲ್ಲ ಗುರುತುಗಳನ್ನು ಇಲ್ಲಿ ಹೀಗೆ ಬರೆದುಬಿಟ್ಟೆಯಲ್ಲ ಅಂತ ನೀವು ಕೇಳಬಹುದು. ಬರೆದಿದ್ದೇನೆ, ಹೌದು. ಬೇಕಾದವರು ಓದಿ ನಕಲಿ ಮಾಡಲಿ, ನನಗೆ ಹೆದರಿಕೆ ಇಲ್ಲ. ಮೇಲೆ ಬರೆದದ್ದರಲ್ಲಿ ಇನ್ನೂ ಎರಡು ಗುರುತು ಆ ಬೆಲ್ಲದ ಜಾತಿಯದ್ದು.